ಓರಗಿತ್ತಿಗೆ ಹೋಟೆಲ್ ಬೇಕಂತೆ!

ನನ್ನ ಓರಗಿತ್ತಿ ಬೆಲ್ಮಾ ಇಸ್ತಾಂಬುಲ್‌ನಿಂದ ಫೋನ್ ಮಾಡಿ, "ಅಕ್ಕಾ, ಶುಕ್ರವಾರ ಸಫ್ರಾನ್‌ಬೋಲುಗೆ ಬರ್ತಾ ಇದೀವಿ, ಎರಡು ದಿನ ಇರ್ತೀವಿ. ನಿಮಗೆ ತೊಂದರೆ ಕೊಡಲ್ಲ, ಪೆರಿಹಾನ್ ಅವರ ಹೋಟೆಲ್‌ನಲ್ಲಿ ರೂಮು ಹೇಳಿದೀವಿ" ಎಂದಾಗ ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಅವಳ ಅದೃಷ್ಟ, ನಮ್ಮಿಬ್ಬರ ನಡುವೆ ನಾನೂರು ಕಿಲೋಮೀಟರ್ ಕೂಡ ಇತ್ತು.

ತೊಂದರೆ ಕೊಡುವುದಿಲ್ಲವಂತೆ! ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಿಂದ ತಪ್ಪದೆ ಕೊಡುತ್ತ ಬಂದಿದ್ದಾಳೆ. ಈಗ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ ನಾನು ಏನೆಂದುಕೊಳ್ಳಬೇಕು? ಅಣ್ಣನ ಮನೆ ಇರುವ ಊರಿನಲ್ಲಿ ತಮ್ಮನಾದವನು ಹೋಟೆಲ್‌ನಲ್ಲಿ ಮಲಗಿದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ: ಅತ್ತಿಗೆ ಸರಿಯಿಲ್ಲ. ಈ ಅರ್ಥವನ್ನು ಬೀದಿಬೀದಿಗೆ ಹಂಚಲು ಎದುರುಮನೆಯ ಹಾಜೆರ್ ಇದ್ದಾಳೆ. ಅವಳ ಕಿಟಕಿಯ ಪರದೆ ಅಲುಗದ ದಿನವನ್ನು ನಾನಿನ್ನೂ ಕಂಡಿಲ್ಲ.

"ರೀ, ಕೇಳಿಸ್ತಾ ನಿಮ್ಮ ತಮ್ಮನ ಘನಕಾರ್ಯ?" ಎಂದೆ.

ನನ್ನ ಯಜಮಾನರು ರಾಸಿಮ್ ಪತ್ರಿಕೆಯ ಹಿಂದಿನಿಂದಲೇ ಹೇಳಿದರು. "ಒಳ್ಳೇದೇ ಆಯ್ತು ಬಿಡು. ನಿಂಗೂ ಕೆಲಸ ಕಮ್ಮಿ."

"ಹೌದು ಹೌದು! ಮಾನ ಹೋದ್ರೆ ಹೋಗ್ಲಿ, ತೊಳೆಯೋ ಪಾತ್ರೆ ಕಮ್ಮಿ ಆಗ್ಲಿ!"

"ಪಾತ್ರೆ ತೊಳೆಯೋದು ನೀನೇ ಅಲ್ವಾ, ಅದಕ್ಕೆ ಹೇಳ್ದೆ."

(ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ಇದೊಂದನ್ನು ಗಮನಿಸಿದ್ದಾರೆಂದು ತಿಳಿದು ಸಂತೋಷವಾಯಿತು.)

ಇನ್ನು ಆ ಹೋಟೆಲ್ಲಿನ ಮಹಾತ್ಮೆ ಕೇಳಿ. ನಮ್ಮ ಕೆಳಗಿನ ಬೀದಿಯಲ್ಲಿರುವ ಪೆರಿಹಾನಳ ತಾತನ ಕಾಲದ ಮರದ ಮನೆ ಅದು. ನಾವು ಚಿಕ್ಕವರಿದ್ದಾಗ ಆ ಮನೆಯ ಮೆಟ್ಟಿಲು ಹತ್ತಲು ಹೆದರುತ್ತಿದ್ದೆವು, ಒಂದೊಂದು ಮೆಟ್ಟಿಲೂ ಒಂದೊಂದು ಥರ ನರಳುತ್ತಿತ್ತು. ಈಗ ಅದೇ ನರಳಾಟಕ್ಕೆ ಪಟ್ಟಣದವರು ತಿಂಗಳ ಮುಂಚೆಯೇ ಕೋಣೆ ಕಾದಿರಿಸುತ್ತಾರೆ. ಸ್ನಾನದ ಮನೆ ಎಲ್ಲಿದೆ ಅಂದುಕೊಂಡಿರಿ? ಗೋಡೆಯ ಬೀರುವಿನೊಳಗೆ! ಹಾಸಿಗೆ ಇಡುವ ಬೀರುವಿನ ಪಕ್ಕದ ಬಾಗಿಲು ತೆಗೆದು, ಒಳಗೆ ನುಸುಳಿ, ಮೊಣಕೈ ಮಡಚಿಕೊಂಡು ಮೀಯಬೇಕು. ನಮ್ಮಜ್ಜಿ ಬೇರೆ ಗತಿಯಿಲ್ಲದೆ ಹಾಗೆ ಮಿಂದಳು. ಆ ಶಿಕ್ಷೆ ಬೇಡವೆಂದೇ ನಾವು ಗೋಡೆ ಒಡೆಸಿ ಟೈಲ್ಸ್ ಹಾಕಿಸಿದ್ದು. ಇವರೋ, "ಅಯ್ಯೋ ಎಷ್ಟು ಚೆಂದ!" ಎಂದು ಆ ಬೀರುವಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋ ತೆಗೆಯುವುದರಲ್ಲಿ ಈ ಜನಕ್ಕೆ ಹೇಸಿಗೆಯೇ ಇಲ್ಲ. ನಾನು ಒಣಹಾಕಿದ ಮೆಣಸಿನಕಾಯಿಯನ್ನೂ ತೆಗೆದರು, ಅದರ ಪಕ್ಕದಲ್ಲಿ ಒಣಗುತ್ತಿದ್ದ ರಾಸಿಮ್‌ರ ಉಣ್ಣೆಯ ಒಳಚಡ್ಡಿಯನ್ನೂ ತೆಗೆದರು.

ಮಾರನೆಯ ದಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಾನು ಹಾಜೆರ್‌ಗೆ ಕೇಳುವಷ್ಟು ಗಟ್ಟಿಯಾಗಿ (ಎಂದರೆ ಮಸೀದಿಯವರೆಗೂ ಕೇಳುವಷ್ಟು) ಘೋಷಣೆ ಮಾಡಿದೆ. "ನೆಂಟರಿರೋ ಊರಲ್ಲಿ ಹೋಟೆಲ್‌ನಲ್ಲಿ ಮಲಗೋರಿಗೆ ನಾಚಿಕೆ ಅನ್ನೋದು ಇರತ್ತಾ? ನನ್ನ ಮೈದುನ ಎರ್ಗುನ್, ಓರಗಿತ್ತಿ ಶುಕ್ರವಾರ ರಾತ್ರಿ ನನ್ನ ಮನೇಲೇ ಮಲಗ್ತಾರೆ. ಇಲ್ಲಾಂದ್ರೆ ನನ್ನ ಹೆಸರು ನೆಬಾಹತ್ ಅಲ್ಲ!"

ಹೀಗೆ ಹೆಸರನ್ನೇ ಪಣಕ್ಕಿಟ್ಟ ಮೇಲೆ ಸುಮ್ಮನೆ ಕೂರಲಾಗುತ್ತದೆಯೇ? ಮೂರು ದಿನ ಸೊಂಟ ಬಗ್ಗಿಸಿದೆ. ಹಿಟ್ಟು ಲಟ್ಟಿಸಿ, ಒಳಗೆ ಚೀಸ್ ಇಟ್ಟು, ಮೂಲೆ ಮಡಚಿ ಮುನ್ನೂರು ಪೆರುಹಿ ಮಾಡಿದೆ. ಪಾಲಕ್ ರೊಟ್ಟಿ, ದ್ರಾಕ್ಷಿ ಎಲೆಯ ಸುರುಳಿ, ಒಂದು ದೊಡ್ಡ ಪಾತ್ರೆ ತುಂಬ ಕೇಸರಿ ಪಾಯಸ. ಜಮಖಾನೆಗಳನ್ನೆಲ್ಲ ಕೊಡವಿದೆ, ಪರದೆ ಒಗೆದೆ. ರಾಸಿಮ್ ಕೂಡ ಒಂದು ದಿಂಬನ್ನು ಈ ಕೋಣೆಯಿಂದ ಆ ಕೋಣೆಗೆ ಒಯ್ದು, "ಅಬ್ಬಾ, ಸಾಕಾಯ್ತು" ಎಂದು ಕೂತರು.

ಶುಕ್ರವಾರ ಮಧ್ಯಾಹ್ನ ಹಾಜೆರ್ ಕಿಟಕಿಯಿಂದ ತಲೆ ಹಾಕಿದಳು. "ನೆಬಾಹತ್, ನಿನ್ನ ಮೈದುನನ ಕಾರು ಪೆರಿಹಾನ್ ಹೋಟೆಲ್ ಮುಂದೆ ನಿಂತಿದ್ಯಲ್ಲೇ! ನಿಂಗೆ ಗೊತ್ತೇ ಇರತ್ತೆ ಬಿಡು."

ಆ 'ಬಿಡು' ಅನ್ನುವುದರಲ್ಲಿ ಅವಳು ಇಟ್ಟ ವಿಷ ಒಂದು ಕೊಡ ಹಾಲು ಒಡೆಯಲು ಸಾಕಿತ್ತು. ತಲೆವಸ್ತ್ರ ಬಿಗಿದುಕೊಂಡು ಹೊರಟೆ.

"ರೀ, ನಾನು ಹೋಗಿ ಅವರನ್ನ ಎಳ್ಕೊಂಡು ಬರ್ತೀನಿ. ಅಕಸ್ಮಾತ್ ಬೇರೆ ದಾರೀಲಿ ಇಲ್ಲಿಗೇ ಬಂದ್ರೆ, ಬಾಗಿಲಲ್ಲಿ ಬಿಟ್ಟ ಶೂ ತಗೊಂಡು ಬಚ್ಚಿಟ್ಬಿಡಿ. ವಾಪಸ್ ಹೋಗಬಾರದು, ತಿಳೀತಾ?"

(ಹೊರಡುವ ಅವಸರ ತೋರಿಸುವ ಅತಿಥಿಗೆ ನಮ್ಮ ಕಡೆ ಮಾಡುವ ಮದ್ದು ಇದು.)

"ಎಲ್ಲಿ ಬಚ್ಚಿಡ್ಲಿ?"

"ಯಾರಿಗೂ ಸಿಗದ ಕಡೆ!"

ಹೋಟೆಲ್ಲಿನಲ್ಲಿ ಪೆರಿಹಾನ್ ಎರಡು ಕೈ ಚಾಚಿ ಬಂದಳು. "ಬಾ ನೆಬಾಹತಕ್ಕಾ! ಅವರು ಈಗ ತಾನೇ ಹೊರಗೆ ಹೋದ್ರು."

"ಅವರ ಪೆಟ್ಟಿಗೆ ಕೊಡು. ಮನೆಗೆ ತಗೊಂಡು ಹೋಗ್ತೀನಿ."

"ಬೇರೆಯವರ ಪೆಟ್ಟಿಗೆ ಹೇಗೆ ಕೊಡ್ಲಿ ಅಕ್ಕಾ? ಕೂತು ಕಾಯಿ. ಮಹಡಿ ಮೇಲೆ ಮೂಲೆ ಕೋಣೆ ಖಾಲಿ ಇದೆ, ಅವರು ಬಂದ್ರೆ ಕಿಟಕಿಯಿಂದ ಕಾಣ್ತಾರೆ."

ಚಪ್ಪಲಿ ಬಿಟ್ಟು, ಅವಳು ಕೊಟ್ಟ ಮೆತ್ತನೆಯ ಸ್ಲಿಪ್ಪರ್ ಹಾಕಿಕೊಂಡು ಹತ್ತಿದೆ. ತಪ್ಪು ಹುಡುಕಲೆಂದೇ ಹತ್ತಿದೆ ಎಂದು ಒಪ್ಪಿಕೊಳ್ಳುತ್ತೇನೆ. ಕಿಟಕಿಯ ದಂಡೆಯ ಮೇಲೆ ಬೆರಳಾಡಿಸಿದೆ. ಧೂಳಿಲ್ಲ. ಚಾದರ ಎತ್ತಿ ಮೂಸಿದೆ. ಲ್ಯಾವೆಂಡರ್ ವಾಸನೆ. ಆ ಪ್ರಸಿದ್ಧ ಬೀರುವಿನ ಬಾಗಿಲು ತೆಗೆದರೆ ಒಳಗೆ ಬಿಳಿ ಟವೆಲು, ನಲ್ಲಿ ತಿರುಗಿಸಿದರೆ ಸುಡುಸುಡು ನೀರು. ನನಗೆ ಬಹಳ ಬೇಸರವಾಯಿತು.

ಕಿಟಕಿಯ ಕೆಳಗಿನ ದಿವಾನದ ಮೇಲೆ ಕೂತೆ. ಅಷ್ಟರಲ್ಲಿ ಚಹಾ ಬಂತು. ಇಷ್ಟೇ ವಿಷಯ, ಆದರೆ ಸ್ವಲ್ಪ ನಿಂತು ಯೋಚಿಸಿ. ಚಹಾ ತಾನಾಗಿ ಬಂತು! ನಾನು ಏಳಲಿಲ್ಲ, ಕುದಿಸಲಿಲ್ಲ, ತಟ್ಟೆ ಹಿಡಿದು ಎಲ್ಲರ ಮುಂದೆ ಬಗ್ಗಲಿಲ್ಲ. ಮನೆಯಲ್ಲಿ ನನ್ನ ಲೋಟ ನನ್ನ ಕೈಗೆ ಬರುವ ಹೊತ್ತಿಗೆ ಅದು ಆರಿ, ಯಾರೋ ಎರಡನೇ ಲೋಟ ಕೇಳಿರುತ್ತಾರೆ. ಇದು ಬಿಸಿಯಾಗಿತ್ತು. ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡೆ. ಚಹಾ ಬಿಸಿ ಇತ್ತಲ್ಲ, ಅದಕ್ಕೇ ಇರಬೇಕು.

ಇನ್ನೊಂದು ಲೋಟವೂ ಬಂತು. ಕಿಟಕಿಯಿಂದ ನಮ್ಮ ಮನೆಯ ಅಡುಗೆಮನೆ ಕಾಣುತ್ತಿತ್ತು. ಇಷ್ಟು ದೂರದಿಂದ, ನಾನು ಒಳಗಿಲ್ಲದಾಗ, ಅದು ನೋಡಲು ಚೆನ್ನಾಗಿಯೇ ಇತ್ತು. ಇನ್ನು ಹಾಸಿಗೆ ಪರೀಕ್ಷಿಸುವುದೊಂದು ಬಾಕಿ. ಬೆಲ್ಮಾಳ ಮುಂದೆ "ಆ ಹೋಟೆಲ್ ಹಾಸಿಗೆ ಕಲ್ಲು" ಎಂದು ಸಾಕ್ಷಿ ಹೇಳಬೇಕಾದರೆ ಒಮ್ಮೆಯಾದರೂ ಮಲಗಿ ನೋಡಿರಬೇಕಲ್ಲ? ನಾನು ಸುಳ್ಳು ಹೇಳುವವಳಲ್ಲ. ಮಲಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಇರಬಾರದ ಗೋಡೆಯ ಮೇಲಿತ್ತು. ಪೆರಿಹಾನ್ ರೊಟ್ಟಿ, ಆಲಿವ್, ಗುಲಾಬಿ ಮುರಬ್ಬ ಇಟ್ಟ ತಟ್ಟೆ ಹಿಡಿದು ನಿಂತಿದ್ದಳು.

"ಇಷ್ಟು ಬೇಗ ಸಂಜೆ ಆಯ್ತಾ?" ಎಂದೆ.

"ಬೆಳಗ್ಗೆ ಆಯ್ತು ಅಕ್ಕಾ. ಶನಿವಾರ."

"ಅಯ್ಯೋ! ಎಬ್ಬಿಸೋದಲ್ವಾ?"

"ರಾಸಿಮಣ್ಣಂಗೆ ಫೋನ್ ಮಾಡಿ ಕೇಳ್ದೆ. ಬೇಡಮ್ಮಾ, ಅವಳನ್ನ ಎಬ್ಬಿಸಿ ಗೆದ್ದೋರಿಲ್ಲ ಅಂದ್ರು." ಅವಳು ಕಂಕುಳಿನಿಂದ ಒಂದು ದಪ್ಪ ಪುಸ್ತಕ ತೆಗೆದಳು. "ರಾತ್ರಿ ಉಳಿದವರ ಹೆಸರು ಬರೀಲೇಬೇಕು ಅಕ್ಕಾ, ಪೊಲೀಸರು ಕೇಳ್ತಾರೆ. ಎಲ್ಲಿಂದ ಬಂದದ್ದು ಅನ್ನೋ ಕಡೆ 'ಮೇಲಿನ ಬೀದಿ' ಅಂತ ಹಾಕಿದೀನಿ. ಬಂದ ಕಾರಣ ಏನು ಬರೀಲಿ?"

"ಓರಗಿತ್ತಿ ಅಂತ ಬರಿ!" ಎಂದೆ, ಹಲ್ಲು ಕಚ್ಚಿ.

ಕರೆದ ಹಾಗೆ ಬಂದೇಬಿಟ್ಟಳು. ಇಸ್ತಾಂಬುಲ್‌ನ ಬೆಡಗಿ ಬೆಲ್ಮಾ, ಮೈಮೇಲೆ ನನ್ನ ಹೂವಿನ ಏಪ್ರನ್, ಕಾಲಲ್ಲಿ ನಾನು ತೋಟದ ಕೆಸರಿಗೆ ಹಾಕುವ ಕಪ್ಪು ರಬ್ಬರ್ ಜೋಡು. ಅವಳ ಹಿಂದೆ, ದಾರಿ ತೋರಿಸುವ ನೆಪದಲ್ಲಿ, ಹಾಜೆರ್.

"ಅಕ್ಕಾ, ಆರೋಗ್ಯವಾಗಿದೀರಾ? ಮನೆಯಲ್ಲೇನೂ ಜಗಳ ಇಲ್ವಲ್ಲ?" ಬೆಲ್ಮಾ ನನ್ನ ಕೈ ಹಿಡಿದಳು. "ನಾವು ಪೆಟ್ಟಿಗೆ ಇಟ್ಟ ತಕ್ಷಣ ಮಿಠಾಯಿ ತಗೊಂಡು ನಿಮ್ಮ ಮನೆಗೇ ಬಂದ್ವಿ. ನೀವಿರ್ಲಿಲ್ಲ. ಭಾವ ನಮ್ಮ ಶೂ ಬಚ್ಚಿಟ್ಬಿಟ್ರು. ಆಮೇಲೆ ಎಲ್ಲಿಟ್ಟೆ ಅಂತ ಅವರಿಗೇ ನೆನಪಿಲ್ಲ. ಎರ್ಗುನ್ ಇನ್ನೂ ಹುಡುಕ್ತಾ ಇದ್ದಾರೆ. ಹಾಗಾಗಿ ಅಲ್ಲೇ ಮಲಗಿದ್ವಿ. ನಿಮ್ಮ ಪೆರುಹಿ ಎಷ್ಟು ಚೆನ್ನಾಗಿತ್ತು ಅಕ್ಕಾ, ಒಂದೂ ಉಳೀಲಿಲ್ಲ! ಪಾತ್ರೆ ಎಲ್ಲ ನಾನೇ ತೊಳೆದಿಟ್ಟೆ."

ನೋಡಿ, ನನ್ನ ಶಪಥ ಅಕ್ಷರಶಃ ನೆರವೇರಿತ್ತು. ಮೈದುನ, ಓರಗಿತ್ತಿ ಶುಕ್ರವಾರ ರಾತ್ರಿ ನನ್ನ ಮನೆಯಲ್ಲೇ ಮಲಗಿದ್ದರು. ತಲೆಯೆತ್ತಿ ಇದನ್ನು ಹೇಳೋಣವೆಂದು ಬಾಯಿ ತೆರೆದೆ. ಬಾಯಲ್ಲಿ ಮುರಬ್ಬ ಇತ್ತು.

ಹಾಜೆರ್ ಆ ಅವಕಾಶ ಬಿಡುತ್ತಾಳೆಯೇ? ಕೋಣೆಯನ್ನು ಒಂದು ಸುತ್ತು ನೋಡಿ, "ನೆಂಟರಿರೋ ಊರಲ್ಲಿ ಹೋಟೆಲ್‌ನಲ್ಲಿ ಮಲಗೋರಿಗೆ ನಾಚಿಕೆ ಇರತ್ತಾ ಅಂತ ಯಾರೋ ಕೇಳ್ತಿದ್ರಪ್ಪ ರೊಟ್ಟಿ ಅಂಗಡೀಲಿ. ಸ್ವಂತ ಗಂಡನೇ ಇರೋ ಊರಲ್ಲಿ ಹೋಟೆಲ್‌ನಲ್ಲಿ ಮಲಗಿದ್ರೆ ಏನಂತಾರೋ, ಅದನ್ನ ಅವರು ಹೇಳ್ಲಿಲ್ಲ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಸಫ್ರಾನ್‌ಬೋಲುವಿನ ಅಷ್ಟೂ ಬೀದಿಗೆ ಸುದ್ದಿ ಮುಟ್ಟಿತ್ತು. ಶೂ ಭಾನುವಾರ ಸಂಜೆ ಉಪ್ಪಿನಕಾಯಿ ಜಾಡಿಗಳ ಹಿಂದೆ ಸಿಕ್ಕಿತು. ಬೆಲ್ಮಾ ಹೊರಡುವಾಗ ನನ್ನನ್ನು ಅಪ್ಪಿಕೊಂಡು, "ಮುಂದಿನ ಸಲ ಖಂಡಿತ ಹೋಟೆಲ್ ಬೇಡಕ್ಕಾ, ನಿಮ್ಮನೆಗೇ ಬರ್ತೀವಿ. ನಿಮ್ಮನೆ ಹಾಸಿಗೇಲಿ ಎಂಥಾ ನಿದ್ದೆ!" ಎಂದಳು. ಗೆದ್ದವಳು ನಾನು, ಆದರೂ ಮುಖದಲ್ಲಿ ಸೋತ ಕಳೆ.

ಇದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇನೆ. ಪೆಟ್ಟಿಗೆ ಎಳೆದುಕೊಂಡು ಬಸ್ಸಿಳಿದವರು ಯಾರಾದರೂ ಪೇಟೆಯಲ್ಲಿ "ಇಲ್ಲಿ ಉಳಿಯೋಕೆ ಯಾವ ಹೋಟೆಲ್ ಒಳ್ಳೇದು?" ಎಂದು ಕೇಳಿದರೆ ಸಾಕು, ರೊಟ್ಟಿಯವನಿಂದ ಹಿಡಿದು ಹಾಜೆರ್‌ವರೆಗೆ ಎಲ್ಲರೂ ನನ್ನ ಬಾಗಿಲು ತೋರಿಸುತ್ತಾರೆ. "ಆ ಮನೆ ನೆಬಾಹತಮ್ಮನ್ನ ಕೇಳಿ. ಅವರು ಸ್ವಂತ ಮನೆ ಬಿಟ್ಟು ಹೋಗಿ ಮಲಗಿ ನೋಡಿದ್ದಾರೆ, ಅವರಿಗೆ ಗೊತ್ತು."

ನಾನೂ ಈಗ ವಾದ ಮಾಡುವುದಿಲ್ಲ. ಹೊಸ್ತಿಲಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳುತ್ತೇನೆ. "ಕೆಳಗಿನ ಬೀದಿ, ಪೆರಿಹಾನ್ ಮನೆ. ಬೀರುವಿನಲ್ಲಿ ಸ್ನಾನ ಮಾಡಿ, ಏನೂ ಆಗಲ್ಲ. ಆದ್ರೆ ಮೂಲೆ ಕೋಣೆ ಮಾತ್ರ ಕೇಳಬೇಡಿ. ಹಬ್ಬಕ್ಕೆ ನನ್ನ ಓರಗಿತ್ತಿ ಬರ್ತಾಳೆ. ಅವಳು ನಮ್ಮ ಮನೇಲಿರ್ತಾಳೆ. ಆ ಕೋಣೆ ನಂಗೆ ಬೇಕು."