ನೂರಕ್ಕೆ ಮೂರು

ಎಲ್ಲ ತಾಪತ್ರಯಕ್ಕೂ ಮೂಲ ಕಂಪ್ಯೂಟರ್ ಪರದೆಯ ಮೂಲೆಯಲ್ಲಿದ್ದ ಒಂದು ಕೆಂಪು ಪಟ್ಟಿ. ಪ್ರೊಸೆಸರ್ ಬಳಕೆ: ನೂರಕ್ಕೆ ನೂರು.

ಅದು ಸಹಜವೆಂದು ವೆಂಡೆಲ್ ಕೊಪೆಕಿಗೆ ಗೊತ್ತಿತ್ತು. ಡೇಟನ್ ಊರಾಚೆಯ ಆ ಪರೀಕ್ಷಾಶಾಲೆಯಲ್ಲಿ ಸಾಗಣೆಯ ಪೆಟ್ಟಿಗೆಗಳನ್ನು ಗೋಪುರದ ಮೇಲಿಂದ ಬೀಳಿಸುತ್ತಿದ್ದರು. ಏಟು ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲೇ ಪೆಟ್ಟಿಗೆಯ ಕುಲುಕನ್ನು ಅಳೆಯುವ ಸೆನ್ಸರಿನಿಂದ ಸಾವಿರಾರು ಅಂಕಿಗಳು ನುಗ್ಗುತ್ತವೆ. ಒಂದನ್ನೂ ಬಿಡದಿರಲು ವೆಂಡೆಲ್‌ನ ಪ್ರೋಗ್ರಾಮು ಪಂಕ್ತಿಯಲ್ಲಿ ಕೂತ ಹಸಿದ ನೆಂಟನಂತೆ "ಬಂತಾ? ಬಂತಾ?" ಎಂದು ಬಿಡುವಿಲ್ಲದೆ ಕೇಳುತ್ತಿತ್ತು. ಇವತ್ತು ಇದ್ದದ್ದು ಒಂದೇ ಪೆಟ್ಟಿಗೆ. ದಾಖಲೆ ಸರಿಯಾಗಿ ಸಿಕ್ಕರೆ ಇನ್ನೂ ತರಬೇತಿಯಲ್ಲಿದ್ದ ವೆಂಡೆಲ್‌ನ ಕೆಲಸ ಕಾಯಂ.

"ಅಯ್ಯೋ, ಕೆಂಪು!" ಮೇಲಧಿಕಾರಿ ಲೊರೇನ್ ಡೋನಟ್ ಹಿಡಿದ ಕೈಯಲ್ಲೇ ತೋರಿಸಿದಳು. "ಗಿರಾಕಿ ಬರೋ ಹೊತ್ತಿಗೆ ಇದೇನಪ್ಪಾ?"

"ಏನಿಲ್ಲ ಮೇಡಂ, ಅದು ಕಾಯ್ತಾ ಇದೆ."

"ಕಾಯೋಕೆ ಇಷ್ಟು ಬೆವರಬೇಕಾ? ಸ್ವಲ್ಪ ರೆಸ್ಟ್ ಕೊಡು."

ಪ್ರೋಗ್ರಾಮು ಒಂದು ಸಲ ಕೇಳಿ ಮತ್ತೆ ಕೇಳುವ ನಡುವೆ ವೆಂಡೆಲ್ ಒಂದು ಚಿಟಿಕೆ ನಿದ್ದೆ ಸೇರಿಸಿದ. ಪಟ್ಟಿ ಎಂಬತ್ತಕ್ಕಿಳಿಯಿತು.

"ಜಿಪುಣ, ಇನ್ನೂ ಹಾಕೋ!" ಎಂದ ಪಕ್ಕದ ಮೇಜಿನ ಬರ್ಟ್. ವೆಂಡೆಲ್ ಹಾಕಿದ. ನಲವತ್ತಾಯಿತು.

"ಸಾಕು ಮಾರಾಯ. ಜಾಸ್ತಿ ಮಲಗಿದ್ರೆ ಬಂದ ಅಂಕಿಗೆ ಜಾಗ ಇಲ್ದೆ ಚೆಲ್ಲಿಹೋಗತ್ತೆ."

"ಹೆದರುಪುಕ್ಕಲ ನೀನು!" ಬರ್ಟ್ ಕೀಲಿಮಣೆ ಎಳೆದುಕೊಂಡು ನಿದ್ದೆಯ ಅಂಕಿಗೆ ಎರಡು ಸೊನ್ನೆ ಸೇರಿಸಿಯೇಬಿಟ್ಟ. ಮೂರು! ಹಚ್ಚಹಸಿರು. ಲೊರೇನ್ ಚಪ್ಪಾಳೆ ತಟ್ಟಿದಳು.

ವೆಂಡೆಲ್ ಸೊನ್ನೆ ಅಳಿಸಲು ಕೈ ಚಾಚುವಷ್ಟರಲ್ಲಿ ಪೆಟ್ಟಿಗೆಯ ಒಡೆಯ ಹ್ಯಾಸ್ಕಿನ್ ಒಳಬಂದ. ಸೈರನ್ ಕೂಗಿತು. ಢಮ್!

ಪ್ರೋಗ್ರಾಮು ಆಕಳಿಸಿ ಎದ್ದಿತು. ಬೀಳುವ ಮುಂಚಿನದು ಇತ್ತು, ಬಿದ್ದ ಮೇಲಿನದು ಇತ್ತು, ನಡುವಿನದು ಚೆಲ್ಲಿಹೋಗಿತ್ತು. ಪರದೆಯ ಮೇಲೆ ಇಸ್ತ್ರಿ ಹಾಕಿದಂಥ ನೇರ ಗೆರೆ.

"ಒಂದು ಕುಲುಕೂ ಇಲ್ಲ!" ಹ್ಯಾಸ್ಕಿನ್ ಕುಣಿದಾಡಿದ. "ಪೆಟ್ಟಿಗೆ ಅಂದ್ರೆ ಇದು!" ಇನ್ನೂ ಆರು ಪರೀಕ್ಷೆ ಒಪ್ಪಿಸಿ ಹೊರಟ.

ಸುಮ್ಮನಿದ್ದರೆ ಕೆಲಸ ಕಾಯಂ. ಆದರೂ ವೆಂಡೆಲ್ ಲೊರೇನ್ ಬಳಿ ಹೋದ.

"ಮೇಡಂ, ಏಟು ದಾಖಲಾಗೇ ಇಲ್ಲ. ಅವರನ್ನ ವಾಪಸ್ ಕರೀರಿ. ಎಲ್ಲಾ ಹಾಳಾಯ್ತು."

ಲೊರೇನ್ ಕನಿಕರದಿಂದ ನೋಡಿದಳು. "ಇಷ್ಟು ಚೆಂದದ ಗೆರೆ ನೋಡಿ ಹಾಳಾಯ್ತು ಅಂತೀಯಲ್ಲೋ! ನಿನಗೆ ದಾಖಲೆ ಓದೋಕೇ ಬರಲ್ಲ. ಇನ್ನಾರು ತಿಂಗಳು ತರಬೇತಿ. ಬರ್ಟ್ ಕಲಿಸ್ತಾನೆ."

ಬರ್ಟ್ ಆಗಲೇ ಕುರ್ಚಿ ಎಳೆದುಕೊಂಡು ಬರುತ್ತಿದ್ದ.