ಕೂಗುವ ಕಾರಿನ ತಪಾಸಣಾಧಿಕಾರಿ

ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಕೇಳಿಸುವುದಿಲ್ಲ. ಮನೆಯವರು ಹೇಳಿದರೆ ನಂಬುವುದೂ ಇಲ್ಲ. ಊರಿಗೆಲ್ಲ ಗೊತ್ತಿದ್ದು ನಮಗೊಬ್ಬರಿಗೆ ಗೊತ್ತಿಲ್ಲದ ಇಂಥ ಸಂಗತಿ ಪ್ರತಿಯೊಬ್ಬರ ಬಾಳಿನಲ್ಲೂ ಒಂದಾದರೂ ಇರುತ್ತದೆ ಎಂದು ನನ್ನ ನಂಬಿಕೆ. ನನ್ನ ಪಾಲಿಗೆ ಅದು ಒಂದು ಹಳೆಯ ಕಾರಿನ ಹಿಂಭಾಗದಲ್ಲಿ, ಎರಡು ಚಕ್ರಗಳ ನಡುವೆ, ಎಣ್ಣೆ ತುಂಬಿದ ಕಬ್ಬಿಣದ ಉಂಡೆಯೊಳಗೆ ಇತ್ತು. ಅದನ್ನು ರಿಪೇರಿ ಮಾಡಿಸದೆ ಬಿಟ್ಟಿದ್ದರೆ ನಾನು ಬಹಳ ಒಳ್ಳೆಯವನೆಂದು ತಿಳಿದುಕೊಂಡು ಈಗಲೂ ನೆಮ್ಮದಿಯಿಂದ ಇರುತ್ತಿದ್ದೆ.

ಆಗಿನ್ನೂ ಎಲ್ಲರ ಜೇಬಿಗೂ ಮೊಬೈಲ್ ಬಂದಿರಲಿಲ್ಲ. ನಾನು ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ತಪಾಸಣಾಧಿಕಾರಿಯಾಗಿದ್ದೆ. ಕಾಪು, ಪಡುಬಿದ್ರಿ, ಹಿರಿಯಡ್ಕ, ಕಾರ್ಕಳ ಎಂದು ನಮಗೆ ಅಲ್ಲಲ್ಲಿ ಶಾಖೆಗಳು. ಯಾರಿಗೂ ಹೇಳದೆ ಕೇಳದೆ ಹೋಗಿ ಶಾಖೆಯ ಬಾಗಿಲಲ್ಲಿ ನಿಲ್ಲುವುದು ನನ್ನ ಕೆಲಸ. ಇದಕ್ಕೆ ದಿಢೀರ್ ತಪಾಸಣೆ ಎಂದು ಹೆಸರು. ಇಂಥ ಕೆಲಸಕ್ಕೆ ಬೇಕಾದದ್ದು ಬಸ್ಸಿನ ಮೂಲೆಯ ಸೀಟು ಮತ್ತು ಯಾರ ನೆನಪಿನಲ್ಲೂ ಉಳಿಯದ ಒಂದು ಮುಖ. ಮುಖ ದೇವರು ಕೊಟ್ಟಿದ್ದ. ಆದರೆ ನಡುವಯಸ್ಸಿನಲ್ಲಿ, ತಲೆಯ ಮೇಲೆ ಕೂದಲು ತೆಳುವಾಗತೊಡಗಿದ ಹೊತ್ತಿನಲ್ಲಿ, ನಾನು ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡುಕೊಂಡೆ.

ಅದು ಕಾಪುವಿನಲ್ಲಿ ಬಾಯಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಕ್ರೈಸ್ತ ಹೆಂಗಸೊಬ್ಬರ ಹಿತ್ತಿಲಿನ ಕೊಟ್ಟಿಗೆಯಲ್ಲಿತ್ತು. ಅವರ ಗಂಡ ಮುಂಬೈಯಿಂದ ಆಸೆಪಟ್ಟು ತಂದದ್ದಂತೆ. ಗಂಡ ತೀರಿಕೊಂಡ ಮೇಲೆ ಅದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ವಿಲಾಯತಿ ಕಾರು, ಎರಡೇ ಸೀಟು, ತೆರೆದ ತಲೆ. ಮಳೆಗಾಲಕ್ಕೆಂದು ಮೇಲೆ ಹೊದಿಸುವ ಬಟ್ಟೆಯ ಮಾಡು ಹೊರಗಿನ ನೀರನ್ನು ಸೋಸಿ ಒಳಗೆ ಬಿಡುತ್ತಿತ್ತು. ಮನೆಗೆ ತಂದ ದಿನ ನನ್ನ ಹೆಂಡತಿ ಅದಕ್ಕೆ ಒಂದು ಸುತ್ತು ಬಂದು, ಮನೆಯಲ್ಲಿ ನಾವು ನಾಲ್ಕು ಜನ ಇದ್ದೇವೆ, ಇದು ಯಾರನ್ನು ಬಿಟ್ಟು ಹೋಗಲಿಕ್ಕೆ ತಂದದ್ದು ಎಂದು ಕೇಳಿದಳು. ನಾನು ಬಾನೆಟ್ ಒರೆಸುತ್ತಾ ನಿಂತೆ.

ಕಾರಿಗೆ ಒಂದು ಕಾಯಿಲೆ ಇತ್ತು. ವೇಗ ಸ್ವಲ್ಪ ಏರಿದರೆ ಸಾಕು, ಹಿಂದಿನಿಂದ ಒಂದು ಕೂಗು ಏಳುತ್ತಿತ್ತು. ತಿರುವಿನಲ್ಲಿ ಅದು ಅಳುವಾಗುತ್ತಿತ್ತು, ಏರಿನಲ್ಲಿ ಗೋಳಾಟ. ಓಡಿಸುವವನ ಕಿವಿಗೆ ಗಾಳಿ ಹೊಡೆಯುವುದರಿಂದ ನನಗೆ ಅದು ಕಾರಿನ ಗಾಂಭೀರ್ಯದ ಹಾಗೆ ಕೇಳಿಸುತ್ತಿತ್ತು. ಹಿಂದೆ ಬಿಟ್ಟುಬಂದ ಊರುಗಳಿಗೆ ಏನು ಕೇಳಿಸುತ್ತಿತ್ತೆಂದು ಯೋಚಿಸುವ ಗೋಜಿಗೆ ನಾನು ಹೋಗಲಿಲ್ಲ.

ಇಷ್ಟರ ನಡುವೆ ನನಗೆ ನನ್ನ ತಪಾಸಣೆಯ ಮೇಲೆ ಅಪಾರ ಹೆಮ್ಮೆ ಬೆಳೆದಿತ್ತು. ನಾನು ಹೋದ ಶಾಖೆಯಲ್ಲೆಲ್ಲ ಮೇಜು ಫಳಫಳ, ಸಿಬ್ಬಂದಿ ಅವರವರ ಕುರ್ಚಿಯಲ್ಲಿ, ಮ್ಯಾನೇಜರರ ಅಂಗಿಯ ತೋಳು ಮಣಿಕಟ್ಟಿನವರೆಗೆ. ಬಸ್ಸಿನಲ್ಲಿ ತಿರುಗುತ್ತಿದ್ದ ನಮ್ಮ ಇನ್ನೊಬ್ಬ ತಪಾಸಣಾಧಿಕಾರಿಗೆ ಮಾತ್ರ ಅದೇ ಶಾಖೆಗಳಲ್ಲಿ ಹೋದಲ್ಲೆಲ್ಲ ತಪ್ಪೇ ಸಿಗುತ್ತಿತ್ತು. ಜನರನ್ನು ಹೆದರಿಸಬಾರದು, ಪ್ರೀತಿಯಿಂದ ನಡೆಸಿಕೊಂಡರೆ ಶಿಸ್ತು ತಾನಾಗಿ ಬರುತ್ತದೆ ಎಂದು ನಾನು ಒಂದು ಸಭೆಯಲ್ಲಿ ಅವರಿಗೆ ಬುದ್ಧಿ ಹೇಳಿದ್ದೂ ಉಂಟು. ಅವರು ನನ್ನ ಮುಖ ನೋಡಿಕೊಂಡೇ ಚಹಾ ಕುಡಿದರು.

ಕಾರಿನ ಕೂಗಿನ ವಿಷಯದಲ್ಲಿ ಕೊನೆಗೆ ನನ್ನ ಕಣ್ಣು ತೆರೆಸಿದ್ದು ಮಣಿಪಾಲದ ಹುಡುಗಿಯರು. ಕಾಲೇಜು ಬಿಡುವ ಹೊತ್ತಿಗೆ ಆ ದಾರಿಯಾಗಿ ಹೋಗುವಾಗ ಕಾರನ್ನು ಕಂಡು ಅವರ ಕಣ್ಣು ಅರಳಿದ್ದನ್ನು ನೋಡಿ, ನಾನು ಇದ್ದ ನಾಲ್ಕು ಕೂದಲನ್ನು ಸರಿಮಾಡಿಕೊಂಡು ವೇಗ ಹೆಚ್ಚಿಸಿದೆ. ಕಾರು ಕೂಗಿತು. ಅಂಕಲ್, ಕಾರಿಗೆ ಹೊಟ್ಟೆನೋವಾ ಎಂದು ಅವರಲ್ಲೊಬ್ಬಳು ಕೇಳಿದಳು. ಅಂಕಲ್ ಎಂಬುದು ಹೆಚ್ಚು ನೋಯಿಸಿತೋ ಹೊಟ್ಟೆನೋವು ಎಂಬುದೋ ಎಂದು ತೀರ್ಮಾನಿಸಲಾಗದೆ ನಾನು ಸೀದಾ ಕಾಪುವಿಗೆ, ಹೆನ್ರಿಯ ಗ್ಯಾರೇಜಿಗೆ ಹೋದೆ. ಹೆನ್ರಿ ಮಸ್ಕತ್ತಿನಲ್ಲಿ ಹಲವು ವರ್ಷ ದೊಡ್ಡ ದೊಡ್ಡ ಗಾಡಿ ಬಿಚ್ಚಿ ಬಂದವನು.

ಅವನು ಕಾರನ್ನು ಜಾಕಿನ ಮೇಲೆ ಎತ್ತಿ, ಹಿಂದಿನ ಚಕ್ರ ತಿರುಗಿಸಿ, ಡಿಫರೆನ್ಷಿಯಲ್ ಹೋಗಿದೆ ಎಂದ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕಲ್ಲ, ಒಳಗಿನದು ಕಡಿಮೆ, ಆ ವ್ಯತ್ಯಾಸವನ್ನು ಸಂಭಾಳಿಸುವ ಗಿಯರುಗಳು ಅದರೊಳಗೆ ಇರುತ್ತವಂತೆ. ಅವುಗಳ ಹಲ್ಲು ಸವೆದಿತ್ತು. ಹಲ್ಲು ಕಟ್ಟಿಸಲಿಕ್ಕೆ ದೇಶವಿಡೀ ಮಣಿಪಾಲದ ದಂತ ಆಸ್ಪತ್ರೆಗೆ ಬರುತ್ತದೆ, ನನ್ನ ಕಾರಿನ ಹಲ್ಲು ಮಾತ್ರ ಮುಂಬೈಯಿಂದ ಬರಬೇಕಾಯಿತು. ಯಾವುದೋ ಗುಜರಿಯಲ್ಲಿ ಇಂಥದೇ ಕಾರು ಸತ್ತು ಬಿದ್ದಿತ್ತು, ಅದರ ಡಿಫರೆನ್ಷಿಯಲ್ಲಿನ ಇಡೀ ಉಂಡೆಯೇ ಗೋಣಿಚೀಲದಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬಂದಿಳಿಯಿತು. ಅಷ್ಟು ದಿನ ನಾನು ಪ್ರಧಾನ ಕಚೇರಿಯಲ್ಲೇ ಕಾಗದ ತಿರುವುತ್ತಾ ಕುಳಿತೆ. ಕೆಲಸ ಮುಗಿದ ಮೇಲೆ ಹೆನ್ರಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಡುಬಿದ್ರಿಯವರೆಗೆ ಓಡಿಸಿ ತೋರಿಸಿದ. ಕಾರು ಬೆಕ್ಕಿನ ಹಾಗೆ ಹೋಯಿತು. ನನಗೆ ಇಪ್ಪತ್ತು ವರ್ಷ ಕಡಿಮೆಯಾದ ಹಾಗಾಯಿತು.

ಮರುದಿನವೇ ಹಿರಿಯಡ್ಕಕ್ಕೆ ಹೊರಟೆ. ಊಟದ ಹೊತ್ತು ಕಳೆದಿತ್ತು. ಕಾರು ನಿಲ್ಲಿಸಿ ಶಾಖೆಯ ಮೆಟ್ಟಿಲು ಹತ್ತಿದರೆ ಕೌಂಟರಿನಲ್ಲಿ ಯಾರೂ ಇಲ್ಲ. ಮ್ಯಾನೇಜರ್ ಶೆಟ್ಟರು ಬಾಗಿಲಿಗೆ ಬೆನ್ನು ಹಾಕಿ, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿದ್ದರು. ಒಳಕೋಣೆಯಲ್ಲಿ ಗುಮಾಸ್ತೆ ಸುಜಾತ ಬಗ್ಗಿ ಬರೆಯುತ್ತಿದ್ದಳು. ಅವಳ ಹಿಂದೆ ಎರಡು ಉಕ್ಕಿನ ಕಪಾಟುಗಳ ನಡುವೆ ಹಳೆಯ ಸೀರೆಯ ಜೋಲಿ ಕಟ್ಟಿತ್ತು. ಜೋಲಿಯಿಂದ ಹೊರಟ ಹಗ್ಗದ ತುದಿ ಅವಳ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಕೈ ಲೆಕ್ಕ ಬರೆಯುತ್ತಿತ್ತು, ಕಾಲು ಮಗುವನ್ನು ತೂಗುತ್ತಿತ್ತು.

ಶೆಟ್ಟರು ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದರು: "ಸುಜಾತಾ, ಇವತ್ತು ನಾಳೆಯಲ್ಲಿ ಆ ಕೆಂಪು ಕಾರಿನ ಜನ ಬಂದರೂ ಬಂದಾರು. ಸ್ವಲ್ಪ ಕಿವಿ ಆ ಕಡೆ ಇರಲಿ."

"ಕಾರು ದೂರದಲ್ಲಿ ಕೂಗುವಾಗಲೇ ಮಗುವನ್ನು ಎತ್ತಿಕೊಂಡು ಎದುರಿನ ಟೈಲರ್ ಅಂಗಡಿಗೆ ಓಡ್ತೇನಲ್ಲ ಸರ್. ಕಳೆದ ಸಲ ಜೋಲಿ ಬಿಚ್ಚಲಿಕ್ಕೆ ಆಗಲಿಲ್ಲ, ನೀವೇ ಅದರೊಳಗೆ ಹಳೆ ಫೈಲು ತುಂಬಿಸಿದ್ರಿ. ಅವರು ಅದನ್ನು ಹೊಗಳಿ ಬರೆದು ಹೋದದ್ದಲ್ವಾ."

ಹೌದು, ಕಡತಗಳನ್ನು ಇಲಿಗಳ ಬಾಯಿಗೆ ಸಿಗದಂತೆ ಬಟ್ಟೆಯಲ್ಲಿ ತೂಗುಹಾಕುವ ಕ್ರಮ ಶ್ಲಾಘನೀಯ, ಉಳಿದ ಶಾಖೆಗಳೂ ಅನುಸರಿಸಬಹುದು ಎಂದು ನಾನೇ ಬರೆದಿದ್ದೆ. ಕಾರ್ಕಳ ಶಾಖೆಯವರು ಪಾಪ ಅನುಸರಿಸಿಯೂ ಇದ್ದರು. ನನ್ನ ಪ್ರೀತಿಯಿಂದ ಬಂದ ಶಿಸ್ತೆಂದು ನಾನು ತಿಳಿದದ್ದೆಲ್ಲ ಸವೆದ ಗಿಯರಿನ ಕೃಪೆ. ಅದಕ್ಕಿಂತ ಹೆಚ್ಚಿಗೆ ಚುಚ್ಚಿದ್ದು ಬೇರೆ. ಸುಜಾತ ಹೆರಿಗೆಯ ರಜೆ ಮುಗಿಸಿ ಬಂದದ್ದನ್ನು ನಾನೇ ದಾಖಲಿಸಿದ್ದೆ. ಆ ಮಗು ಹಗಲಿಡೀ ಎಲ್ಲಿರುತ್ತದೆ ಎಂಬ ಪ್ರಶ್ನೆ ಎರಡು ಮಕ್ಕಳ ತಂದೆಯಾದ ನನಗೆ ಹೊಳೆದೇ ಇರಲಿಲ್ಲ. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಒಂದು ಸಾಲು ಬರೆದರೆ ಹೋಗುವಂಥದ್ದು. ಅವಳು ನನ್ನನ್ನು ನೋಡಿ ಏಳುವ ಮೊದಲೇ ನಾನು ಹಿಂದಕ್ಕೆ ಹೆಜ್ಜೆಯಿಟ್ಟು, ಕಳ್ಳನ ಹಾಗೆ ಮೆಟ್ಟಿಲಿಳಿದು ಬಂದುಬಿಟ್ಟೆ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಮಗುವನ್ನು ಅಲ್ಲೇ ಇಟ್ಟುಕೊಳ್ಳಿ ಎಂದು ಅವಳಿಗೆ ಹೇಳಿದಿರಾ ಎಂದು ಕೇಳಿದಳು. ಅವರಿಗೆ ಮುಜುಗರ ಆಗಬಾರದೆಂದು ಸದ್ದಿಲ್ಲದೆ ಬಂದೆ ಎಂದೆ. "ಅಂದರೆ ಓಡಿ ಬಂದಿರಿ" ಎಂದಳು.

ಆ ರಾತ್ರಿ ನನಗೆ ಒಂದು ಘನವಾದ ಉಪಾಯ ಹೊಳೆಯಿತು. ಇನ್ನು ಮುಂದೆ ಶಾಖೆಗೆ ತುಸು ದೂರದಲ್ಲೇ ಕಾರು ನಿಲ್ಲಿಸಿ ಬೇರೆ ಯಾವ ಗಾಡಿಗೂ ಇಲ್ಲದ ಅದರ ವಿಲಾಯತಿ ಹಾರ್ನನ್ನು ಉದ್ದಕ್ಕೆ ಬಾರಿಸುವುದು, ಆಮೇಲೆ ನಿಧಾನವಾಗಿ ಹೋಗುವುದು. ಯಾರ ಮಾನವೂ ಹೋಗುವುದಿಲ್ಲ, ನನ್ನ ಒಳ್ಳೆಯತನವೂ ಉಳಿಯುತ್ತದೆ. ಮುಂದಿನ ಸಲ ಹಿರಿಯಡ್ಕದಲ್ಲಿ ಹಾಗೆಯೇ ಮಾಡಿದೆ. ಪೇಟೆಯ ತಿರುವಿನಲ್ಲಿ ನಿಂತು, ಹಾರ್ನ್ ಅದುಮಿ, ಪುಣ್ಯ ಕಟ್ಟಿಕೊಂಡವನ ಸಮಾಧಾನದಲ್ಲಿ ಸೀಟಿಗೊರಗಿದೆ.

ಶಾಖೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಸುಜಾತ ಹೊರಗೆ ಬಂದಳು. ಮಗುವನ್ನು ಹೆಗಲಿಗೆ ಒತ್ತಿಕೊಂಡು, ತಲೆಗೆ ಸೆರಗು ಮುಚ್ಚಿ, ಸುಡುವ ಬಿಸಿಲಿನಲ್ಲಿ ರಸ್ತೆ ದಾಟಲು ಓಡಿದಳು. ಕಾರ್ಕಳದ ಬಸ್ಸೊಂದು ಬಂತು, ಅವಳು ನಡುರಸ್ತೆಯಿಂದ ಹಿಂದಕ್ಕೆ ಸರಿದು ಮತ್ತೆ ಓಡಿದಳು. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. ಟೈಲರ್ ಹೊರಗೆ ಬಂದು ಮಗುವನ್ನು ಎತ್ತಿಕೊಂಡ. ನನ್ನ ಸೌಜನ್ಯ ಎಂದರೆ ಇದು. ಇಷ್ಟು ಕಾಲ ನನ್ನ ಬೆನ್ನ ಹಿಂದೆ ನಡೆಯುತ್ತಿದ್ದದ್ದನ್ನು ಈಗ ನಾನೇ ಹಾರ್ನ್ ಬಾರಿಸಿ ನಡೆಸಿ, ಕುಳಿತು ನೋಡುತ್ತಿದ್ದೆ.

ಇವತ್ತು ಹೇಳಿಯೇ ಬಿಡಬೇಕೆಂದು ಒಳಗೆ ಹೋದೆ. ಮೇಜುಗಳು ಫಳಫಳ ಹೊಳೆಯುತ್ತಿದ್ದವು. ಸುಜಾತ ಏದುಸಿರು ಅಡಗಿಸಿಕೊಂಡು ಬರೆಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ಹೊರಗೆ ತುಂಬಾ ಬಿಸಿಲುಂಟು, ಮಗುವನ್ನು ಇಲ್ಲಿಗೇ ಕರೆದುಕೊಂಡು ಬನ್ನಿ ಎಂದೆ.

ಶೆಟ್ಟರ ಮುಖದ ಬಣ್ಣ ಹೋಯಿತು. ಸುಜಾತ ತಲೆಯೆತ್ತಿ, ನನ್ನನ್ನು ನೇರ ನೋಡಿದಳು.

"ಯಾವ ಮಗು ಸರ್?"

ಅವಳು ನನ್ನನ್ನು ನಂಬಲಿಕ್ಕೆ ನಾನು ಯಾವ ಕಾರಣವನ್ನೂ ಕೊಟ್ಟಿರಲಿಲ್ಲ. ನಾನು ನೋಡಿದ್ದೇನೆ ಎಂದರೆ ಅಂದು ಬಾಗಿಲಲ್ಲಿ ನಿಂತು ಕದ್ದು ಕೇಳಿದ್ದನ್ನೂ ಹೇಳಬೇಕು. ಇಲ್ಲ, ಎಂತದೂ ಇಲ್ಲ, ಯಾವುದೋ ಯೋಚನೆಯಲ್ಲಿ ಹೇಳಿದೆ ಎಂದು ಗೊಣಗಿ ನಗದು ಪುಸ್ತಕ ಕೇಳಿದೆ. ಅಷ್ಟರಲ್ಲಿ ರಸ್ತೆಯಾಚೆಯಿಂದ ಮಗು ಅಳತೊಡಗಿತು. ಶೆಟ್ಟರು ಕೆಮ್ಮಿದರು. ಫ್ಯಾನ್ ಜೋರು ಮಾಡಿದರು. ಸುಜಾತಳ ಪೆನ್ನು ನಿಂತಿತು. ಅವಳು ಏಳುವ ಹಾಗಿಲ್ಲ, ಏಕೆಂದರೆ ನಾನು ಕುಳಿತಿದ್ದೇನೆ.

ಇವತ್ತಿಗೆ ಸಾಕು ಎಂದು ಪುಸ್ತಕ ಮುಚ್ಚಿ ಎದ್ದೆ. ಆದರೆ ನಮ್ಮ ಕಡೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಕ್ರಮ ಇಲ್ಲವಲ್ಲ. ಬೊಂಡ ತರಿಸಿದ್ದೇನೆ, ಕುಡಿದೇ ಹೋಗಬೇಕು ಸರ್ ಎಂದು ಶೆಟ್ಟರು ಬಾಗಿಲಿಗೆ ಅಡ್ಡ ನಿಂತರು. ಮಗುವಿನ ಅಳು ಏರುತ್ತಲೇ ಇತ್ತು. ಅಷ್ಟು ದೊಡ್ಡ ಎಳನೀರನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಎತ್ತಿ ಗಟಗಟ ಕುಡಿದೆ, ಅರ್ಧ ಅಂಗಿಯ ಮೇಲೆ ಸುರಿಯಿತು. ಎದೆ ಒದ್ದೆ ಮಾಡಿಕೊಂಡು ಓಡುನಡಿಗೆಯಲ್ಲಿ ಹೊರಗೆ ಬಿದ್ದೆ. ತಿರುವಿನ ಹತ್ತಿರ ಹಿಂತಿರುಗಿ ನೋಡಿದಾಗ ಸುಜಾತ ಆಗಲೇ ರಸ್ತೆ ದಾಟುತ್ತಿದ್ದಳು. ಇಷ್ಟು ವರ್ಷಗಳ ತಪಾಸಣೆಯಲ್ಲಿ ಆ ಶಾಖೆಗೆ ನನ್ನಿಂದ ಆದ ಒಂದೇ ಉಪಕಾರವೆಂದರೆ, ಆ ದಿನ ನಾನು ಬೇಗ ಎದ್ದು ಹೋದದ್ದು.