ಹೆರಿಗೆ ರಜೆಯೂ ಅತ್ಯಾನ ಮಣೆಯೂ

ನನ್ನ ಹೆರಿಗೆ ರಜೆಯ ಕಷ್ಟವನ್ನು ಹೊತ್ತವರು ಇಬ್ಬರು: ನಿಂತು ನಿಂತು ಕಾಲು ಬಾತ ನಾನು, ಕಂಕುಳಲ್ಲಿ ಮಣೆ ಹೊತ್ತ ನನ್ನ ಅತ್ಯಾ. ರಜೆ ಕೊಡಬೇಕಾದವರಿಗೆ ಯಾವ ಕಷ್ಟವೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದಿನದನ್ನು ಓದಿ ನೀವು ನಗುತ್ತೀರಿ.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ, ನರಗುಂದದವಳು. ಸ್ವಂತ ಆಸನದೊಂದಿಗೆ ಸಂಚರಿಸುವವರು, ದೊಡ್ಡ ಸ್ವಾಮಿಗಳನ್ನು ಬಿಟ್ಟರೆ, ನಮ್ಮ ಸೀಮೆಯಲ್ಲಿ ಇವಳೊಬ್ಬಳೇ! ಊಟಕ್ಕೆ ಕೂರುವಂಥ ಕಟ್ಟಿಗೆಯ ಮಣೆಯೊಂದು ಸದಾ ಅವಳ ಕಂಕುಳಲ್ಲಿ. ಮದುವೆಮನೆಯಲ್ಲಿ ಸಾಲು ಸಾಲು ಕುರ್ಚಿಗಳಿದ್ದರೂ ಮಣೆ ಹಾಕಿಕೊಂಡೇ ಕೂರುತ್ತಾಳೆ. ಏಕೆಂದು ಕೇಳಿದರೆ, "ಕುರ್ಚಿ ಅವರದು, ಯಾವಾಗ ಏಳ ಅಂತಾರೋ. ಮಣಿ ನಂದು" ಎನ್ನುತ್ತಾಳೆ. ರೋಣದಲ್ಲಿ ಒಮ್ಮೆ ಕಂಡಕ್ಟರ್ ಮಣೆಗೆ ಲಗೇಜು ಟಿಕೆಟ್ ಕೇಳಿದ.

"ಹೆಣ್ಣಮಕ್ಕಳಿಗೆ ಬಸ್ಸು ಫುಕಟ ಅಲ್ಲೇನಪಾ? ಇದೂ ಹೆಣ್ಣಮಗಳ ಮಣಿ."

"ಹಂಗಾರ ಇದರ ಆಧಾರ್ ಕಾರ್ಡ್ ತೋರ್ಸಬೇ ಯಮ್ಮಾ."

ಇಡೀ ಬಸ್ಸು ನಕ್ಕಿತು. ಮಣೆ ಪುಕ್ಕಟೆಯಾಗಿಯೇ ಊರು ಸೇರಿತು.

ನಾನು ಗಜೇಂದ್ರಗಡದ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯ ಶಿಕ್ಷಕಿ. ಬಸುರಾದ ಸುದ್ದಿ ತಿಳಿದಾಗ ಸಹೋದ್ಯೋಗಿಗಳು ಅಭಿನಂದಿಸುವ ಮೊದಲು ಕ್ಯಾಲೆಂಡರ್ ನೋಡಿದರು. ಹೆರಿಗೆ ಬೇಸಿಗೆಯಲ್ಲಾದರೆ ಒಂದು ರಜೆಯೊಳಗೆ ಇನ್ನೊಂದು ರಜೆ ಕರಗಿಹೋಗುತ್ತದಂತೆ, ಜೂನಿನಲ್ಲಾದರೆ ಲಾಭವಂತೆ, ಪರೀಕ್ಷೆಯ ಹೊತ್ತಿಗಾದರೆ ಮುಖ್ಯಗುರುಗಳಿಗೆ ಸಿಟ್ಟು ಬರುತ್ತದಂತೆ. ಹೆಣ್ಣಿನ ಗರ್ಭವನ್ನು ವೇಳಾಪಟ್ಟಿಗೆ ಹೊಂದಿಸಬೇಕೆನ್ನುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಅತ್ಯಾನಿಗೆ ಇಷ್ಟು ದೊಡ್ಡ ವಾಕ್ಯ ಬೇಕಾಗಲಿಲ್ಲ. "ಕೂಸು ಸಾಲಿ ಗಂಟಿ ಕೇಳಿ ಬರತೈತೇನವಾ?" ಎಂದಳು.

ಅರ್ಜಿ ಬರೆದೆ. ಅರ್ಜಿದಾರಳು ಖುದ್ದಾಗಿ ಬರಬೇಕೆಂದು ಮೇಲಿನ ಕಚೇರಿಯಿಂದ ಫೋನು ಬಂತು. ಆ ಕಚೇರಿ ಯಾವ ಊರಿನದೆಂದು ಕೇಳಬೇಡಿರಿ. ಅಂಥ ಪಡಸಾಲೆ ಯಾವ ಊರಿನಲ್ಲಿಲ್ಲ? ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಪಡಸಾಲೆಯಲ್ಲಿ ಹಳೆಯ ಕಪಾಟುಗಳಿಗೆ ಜಾಗವಿತ್ತು, ಕೂರುವವರಿಗೆ ಇರಲಿಲ್ಲ. ಗೋಡೆಗೆ ಒರಗಿ ನಿಂತೆ. ಗುಮಾಸ್ತರು ನನ್ನ ಹೊಟ್ಟೆಯನ್ನು ಫೈಲು ನೋಡಿದಂತೆ ನೋಡಿ, "ಇನ್ನೂ ಟೈಮ್ ಐತಲ್ರಿ ಮೇಡಂ, ನಾಳೆ ಬರ್ರಿ" ಎಂದರು. ಹಕ್ಕನ್ನು ಭಿಕ್ಷೆಯಂತೆ ಬೇಡಿಸುವುದು ಮೊದಲ ತಪ್ಪು. ನಿಲ್ಲಿಸಿ ಬೇಡಿಸುವುದು ಎರಡನೆಯದು. ಮೂರನೆಯದನ್ನು ಯೋಚಿಸಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಸಂಜೆ ಬಾತ ಕಾಲುಗಳನ್ನು, ನನ್ನ ಆರೈಕೆಗೆಂದು ಮನೆಗೆ ಬಂದಿದ್ದ ಅತ್ಯಾ ನೋಡಿದಳು. ಮರುದಿನ ನನಗಿಂತ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿದ್ದಳು, ಮಣೆಸಮೇತ.

ಸಾಹೇಬರು ಮತ್ತೆ ಮೀಟಿಂಗಿನಲ್ಲಿದ್ದರು. ಅತ್ಯಾ ನೇರವಾಗಿ ಅವರ ಬಾಗಿಲ ಹೊಸ್ತಿಲಿಗೆ ಹೋಗಿ ಮಣೆ ಹಾಕಿ ನನ್ನನ್ನು ಕೂರಿಸಿದಳು. ಮುಂದಿನ ವಾರ ಮನೆಯಲ್ಲಿ ನನ್ನ ಕುಬಸವಿತ್ತು: ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಹಸಿರು ಬಳೆ ತೊಡಿಸಿ ಹರಸುವ ನಮ್ಮ ಕಡೆಯ ಶಾಸ್ತ್ರ. ಅದಕ್ಕೆಂದು ಕೊಂಡ ಬಳೆಗಳನ್ನು ಚೀಲದಿಂದ ತೆಗೆದು ಅತ್ಯಾ ಅಲ್ಲಿಯೇ ತೊಡಿಸತೊಡಗಿದಳು! ಸೋಬಾನೆ ಪದ ಬೇರೆ. ಒಳಗಿನಿಂದ ಟೈಪಿಸ್ಟ್ ಬಾಯಿಯವರು ಎದ್ದು ಬಂದು ದನಿಗೂಡಿಸಿದರು. ಚಹಾಕ್ಕೆ ಹೊರಟಿದ್ದ ಗುಮಾಸ್ತರು ಶಾಸ್ತ್ರ ದಾಟಿ ಹೋಗಲಾರದೆ ಚಪ್ಪಲಿ ಬಿಟ್ಟು ನಿಂತರು. ಕಡೆಗೆ ಬಾಗಿಲು ತೆರೆಯಿತು. ಅತ್ಯಾ ಸಾಹೇಬರ ಕೈಗೆ ನಾಲ್ಕು ಅಕ್ಕಿಕಾಳು ಹಾಕಿದಳು. ಪಾಪ, ಅವರು ಭಕ್ತಿಯಿಂದ ನನ್ನ ತಲೆಯ ಮೇಲೆ ಹಾಕಿದರು.

"ಬರೇ ಅಕ್ಕಿಕಾಳಿಗೆ ಮುಗಿಯೂದಿಲ್ರಿ ಸಾಹೇಬ್ರ," ಎಂದಳು ಅತ್ಯಾ. "ಸಹಿ ಮಾಡಿ ಹರಸ್ರಿ."

ಮಾಡಿದರು.

ಮರಳಿ ಬರುವಾಗ ಬಸ್ಸಿನಲ್ಲಿ ನಾನು ನಗುತ್ತಲೇ ಇದ್ದೆ. ಅತ್ಯಾ ನಗಲಿಲ್ಲ. ಕಿಟಕಿಯಾಚೆ ಕರಿಯ ಹೊಲಗಳನ್ನು ನೋಡುತ್ತ, ಯಾರದೋ ಸುದ್ದಿ ಹೇಳುವಂತೆ ಹೇಳಿದಳು:

"ಹಾಸ್ಟೆಲಿನ್ಯಾಗ ಅಡಗಿ ಮಾಡತಿದ್ನೆಲ್ಲ, ಆವಾಗ ನಾನೂ ರಜಾ ಕೇಳಾಕ ಹೋಗಿದ್ನೆವಾ. ದಿನಗೂಲಿಯಾಕಿ ಅಂತ ಮುಂಜಾನಿಂದ ಸಂಜಿತನಕ ನಿಂದ್ರಿಸಿದ್ರು. ರಾತ್ರಿ ಬ್ಯಾನಿ ಹತ್ತಿತು. ಕೂಸು ಉಳೀಲಿಲ್ಲ."

ಅತ್ಯಾನಿಗೆ ಮಕ್ಕಳಿಲ್ಲವೆಂದಷ್ಟೇ ನಮಗೆಲ್ಲ ಗೊತ್ತಿತ್ತು. ನಾನು ಮನೆಯಲ್ಲಿ ಇದನ್ನು ಹೇಳಿದ ಮೇಲೆ ಮಣೆಯ ಕುರಿತು ಮತ್ತೆ ಯಾರೂ ನಗಲಿಲ್ಲ.

ಆದ್ದರಿಂದ, ಮಾನ್ಯ ಅಧಿಕಾರಿಗಳೇ, ಸುತ್ತೋಲೆ ಬೇಡ, ಮಹಿಳಾ ದಿನದ ಭಾಷಣವೂ ಬೇಡ. ಆ ಹಳೆಯ ಕಪಾಟುಗಳನ್ನು ಸರಿಸಿ ಪಡಸಾಲೆಯಲ್ಲಿ ಒಂದು ಬೆಂಚು ಹಾಕಿಸಿರಿ. ಬಸುರಿ ಬಂದರೆ ನೀವೇ ಎದ್ದು ಬಂದು ಅರ್ಜಿ ತೆಗೆದುಕೊಳ್ಳಿರಿ, ಅವಳು ದಿನಗೂಲಿಯವಳಾದರೂ ಸರಿ. ಈ ತಿಂಗಳೇ ಆಗಬೇಕು. ನನ್ನ ಮಗಳು ಈಗ ಅತ್ಯಾನ ಕಡೆ ಎರಡೂ ಕೈ ಚಾಚುತ್ತಾಳೆ, ಎತ್ತಿಕೋ ಎಂದು. ಮಣೆಯಿರುವ ಕಂಕುಳಲ್ಲಿ ಕೂಸಿಗೆ ಜಾಗವಿಲ್ಲ.